ಅರ್ಧ ಗಂಟೆಯ ಆತಿಥ್ಯ: ಕಿರು ವಿಮಾನಯಾನದ ತಿಂಡಿ-ತೀರ್ಥ

ವಿಮಾನದಲ್ಲಿ ತಿಂಡಿ ಕೊಡುವ ಪದ್ಧತಿ ಹುಟ್ಟಿದ್ದೇ ಒಂದು ಕಿರು ಮಾರ್ಗದಲ್ಲಿ. 1919ರ ಅಕ್ಟೋಬರ್ ತಿಂಗಳಲ್ಲಿ ಬ್ರಿಟನ್ನಿನ ಹ್ಯಾಂಡ್ಲಿ ಪೇಜ್ ಕಂಪನಿ ಲಂಡನ್ ಮತ್ತು ಪ್ಯಾರಿಸ್ ನಡುವಿನ ವಿಮಾನದಲ್ಲಿ ಮೂರು ಷಿಲಿಂಗ್ ಬೆಲೆಗೆ ಊಟದ ಬುಟ್ಟಿ ಮಾರಲು ತೊಡಗಿತು. ಸ್ಯಾಂಡ್‌ವಿಚ್, ಹಣ್ಣು, ಚಾಕೊಲೇಟ್, ಇಷ್ಟೇ ಅದರಲ್ಲಿದ್ದದ್ದು. ಆ ವಿಮಾನಗಳು ಮಹಾಯುದ್ಧದಲ್ಲಿ ಬಾಂಬು ಹೊತ್ತವು. ಯುದ್ಧ ಮುಗಿದ ಮೇಲೆ ಒಳಗೆ ಕುರ್ಚಿ ಜೋಡಿಸಿ ಪ್ರಯಾಣಿಕರನ್ನು ಹತ್ತಿಸಿಕೊಂಡಿದ್ದವು. ಒಲೆ ಹೊತ್ತಿಸುವ ಮಾತೇ ಇರಲಿಲ್ಲ. ಹಾಗಾಗಿ ತಿಂಡಿಯೆಲ್ಲ ತಣ್ಣಗಿನದೇ. ತಿಂಡಿಗೆ ಬೇರೆ ದುಡ್ಡು ತೆರುವುದು ಅಗ್ಗದ ದರದ ವಿಮಾನಗಳ ಕಾಲದಲ್ಲಿ ಬಂದ ರೂಢಿ ಎಂದು ಬಹಳ ಮಂದಿ ಭಾವಿಸಿದ್ದಾರೆ. ನಿಜಕ್ಕೂ ಮೊದಲ ಬುಟ್ಟಿಯನ್ನೇ ಹಣ ಪಡೆದು ಕೊಟ್ಟಿದ್ದರು. ಟಿಕೆಟ್ ದರದೊಳಗೇ ತಿಂಡಿಯೂ ಸೇರಿದ್ದು ಆಮೇಲೆ. ಅದು ಮತ್ತೆ ಹೊರಬಿದ್ದದ್ದು ಇನ್ನೂ ಆಮೇಲೆ. ಈ ಏರಿಳಿತಕ್ಕೆ ಬಾಣಸಿಗರಿಗಿಂತ ಹೆಚ್ಚಾಗಿ ಕಾರಣವಾದವು ಎರಡು ಸಂಗತಿಗಳು: ಗಡಿಯಾರ ಮತ್ತು ಟಿಕೆಟ್ ದರದ ಕಾನೂನು.

ಎಂಟು ವರ್ಷಗಳ ಬಳಿಕ ಅದೇ ಲಂಡನ್-ಪ್ಯಾರಿಸ್ ಮಾರ್ಗದಲ್ಲಿ ವೈಭವ ಕಾಣಿಸಿಕೊಂಡಿತು. 1927ರ ಮೇ ತಿಂಗಳಲ್ಲಿ ಇಂಪೀರಿಯಲ್ ಏರ್‌ವೇಸ್ 'ಸಿಲ್ವರ್ ವಿಂಗ್' ಎಂಬ ಸೇವೆ ಆರಂಭಿಸಿತು. ಆರ್ಗಸಿ ವಿಮಾನದ ಇಪ್ಪತ್ತು ಸೀಟುಗಳಲ್ಲಿ ಎರಡನ್ನು ತೆಗೆದು ಪಾನೀಯಗಳ ಕಟ್ಟೆ ಕಟ್ಟಿದರು. ಬಡಿಸಲು ಒಬ್ಬ ಪರಿಚಾರಕ ಇದ್ದ. ಹಾರಾಟಕ್ಕೆ ಎರಡೂವರೆ ಗಂಟೆ ಹಿಡಿಯುತ್ತಿತ್ತು, ಬಡಿಸಬೇಕಾದವರು ಹದಿನೆಂಟೇ ಜನ. ಮುಂದೆ ಎಂದೂ ಇಷ್ಟು ಸಾವಕಾಶ ಈ ಮಾರ್ಗದ ಸಿಬ್ಬಂದಿಗೆ ಸಿಗಲಿಲ್ಲ.

ಅಮೆರಿಕದಲ್ಲಿ 1930ರ ಮೇ 15ರಂದು ಎಲೆನ್ ಚರ್ಚ್ ಎಂಬ ದಾದಿ ಬೋಯಿಂಗ್ ಏರ್ ಟ್ರಾನ್ಸ್‌ಪೋರ್ಟ್ ಕಂಪನಿಯ ವಿಮಾನ ಹತ್ತಿ ಜಗತ್ತಿನ ಮೊದಲ ಗಗನಸಖಿಯಾದರು. ಕ್ಯಾಲಿಫೋರ್ನಿಯದ ಓಕ್ಲೆಂಡಿನಿಂದ ಷಿಕಾಗೋ ತಲುಪಲು ಇಪ್ಪತ್ತು ಗಂಟೆ ಬೇಕಿತ್ತು. ನಡುವೆ ಹದಿಮೂರು ಕಡೆ ಇಳಿದು ಏರಬೇಕಿತ್ತು. ಅಂದರೆ ಹೆಸರಿಗೆ ದೂರ ಪ್ರಯಾಣವಾದರೂ ಒಂದೊಂದು ಹಂತವೂ ಒಂದೊಂದು ಕಿರುಹಾರಾಟವೇ. ಥರ್ಮಾಸ್ ಫ್ಲಾಸ್ಕಿನ ಕಾಫಿ, ಕೋಳಿಯ ತುಂಡು, ಬನ್ನು, ಹೆಚ್ಚಿದ ಹಣ್ಣು ಅಂದಿನ ಊಟ. ಒತ್ತಡ ಕಾಯ್ದುಕೊಳ್ಳಲಾಗದ ಆ ಕ್ಯಾಬಿನ್ನುಗಳು ಮೋಡದ ಕೆಳಗೇ ಕುಲುಕುತ್ತ ಸಾಗುತ್ತಿದ್ದವು. ವಾಂತಿ ಮಾಡಿಕೊಳ್ಳುವವರ ಆರೈಕೆಯೂ ಬಡಿಸುವುದೂ ಒಬ್ಬರದೇ ಕೆಲಸ. ದಾದಿಯರನ್ನೇ ಆರಿಸಿಕೊಂಡದ್ದಕ್ಕೆ ಇದೂ ಒಂದು ಕಾರಣ. 1936ರಲ್ಲಿ ಬಂದ ಡಿಸಿ-3 ವಿಮಾನದಲ್ಲಿ ಆಹಾರ ಜೋಡಿಸಿಡಲು ಪುಟ್ಟ ಗ್ಯಾಲಿ ಇತ್ತು. ಅದೇ ಹೊತ್ತಿಗೆ ಯುನೈಟೆಡ್ ಏರ್‌ಲೈನ್ಸ್ ಓಕ್ಲೆಂಡಿನಲ್ಲಿ ವಿಮಾನಗಳಿಗೆಂದೇ ಅಡುಗೆಮನೆ ತೆರೆಯಿತು. ಅಡುಗೆ ನೆಲದ ಮೇಲೆ, ಬಿಸಿ ಮಾಡುವುದು ಆಕಾಶದಲ್ಲಿ ಎಂಬ ಇಂದಿನ ಏರ್ಪಾಟಿನ ಬೇರು ಅಲ್ಲಿದೆ.

ಜೆಟ್ ವಿಮಾನಗಳು ಬಂದಾಗ ಸಮಯ ಒಮ್ಮೆಲೇ ಕುಗ್ಗಿತು. ಗಂಟೆಗೆ ಸುಮಾರು 300 ಕಿಲೋಮೀಟರ್ ಹೋಗುತ್ತಿದ್ದ ಡಿಸಿ-3ರ ಜಾಗದಲ್ಲಿ 800 ಕಿಲೋಮೀಟರ್ ವೇಗದ ವಿಮಾನಗಳು ಹಾರತೊಡಗಿದವು. ಸೀಟುಗಳು ಮೂವತ್ತರಿಂದ ನೂರು ದಾಟಿದವು. ಬಡಿಸಬೇಕಾದ ಜನ ಹೆಚ್ಚು, ಸಿಗುವ ನಿಮಿಷ ಕಡಿಮೆ. ಆದರೂ ಊಟ ಮಾಯವಾಗಲಿಲ್ಲ, ಏಕೆಂದರೆ ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ಹಾರುವ ವಿಮಾನಗಳ ದರವನ್ನು 1938ರಿಂದ ಸರ್ಕಾರವೇ ನಿಯಂತ್ರಿಸುತ್ತಿತ್ತು. ಬೆಲೆಯಲ್ಲಿ ಸೆಣಸುವ ಹಾಗಿಲ್ಲದ ಕಂಪನಿಗಳು ತಟ್ಟೆಯಲ್ಲಿ ಸೆಣಸಿದವು. ಅಟ್ಲಾಂಟಿಕ್ ಸಾಗರದ ಮೇಲಿನ ಮಾರ್ಗಗಳಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಐಯಾಟಾ ದರವನ್ನಷ್ಟೇ ಅಲ್ಲ, ತಟ್ಟೆಯನ್ನೂ ಗೊತ್ತುಮಾಡಿತ್ತು: ಅಗ್ಗದ ತರಗತಿಗೆ ಸಾದಾ ಸ್ಯಾಂಡ್‌ವಿಚ್ ಮಾತ್ರ. 1958ರಲ್ಲಿ ಸ್ಕ್ಯಾಂಡಿನೇವಿಯಾದ ಕಂಪನಿ ಬ್ರೆಡ್ಡಿನ ಮೇಲೆ ಮಾಂಸ, ಮೀನು, ತರಕಾರಿಗಳನ್ನು ಒಟ್ಟಿ ಒಂದು ಊಟವನ್ನೇ ಕೊಟ್ಟು, ಇದೂ ಸ್ಯಾಂಡ್‌ವಿಚ್ಚೇ ಎಂದಿತು. ಪ್ಯಾನ್ ಅಮೆರಿಕನ್ ದೂರು ಕೊಟ್ಟಿತು. ವಿಚಾರಣೆಯೂ ದಂಡವೂ ಆಯಿತು.

ಇದಕ್ಕೆ ತೀರಾ ವಿರುದ್ಧವಾದ ದಾರಿ ಹಿಡಿದದ್ದು ಈಸ್ಟರ್ನ್ ಏರ್‌ಲೈನ್ಸ್. 1961ರ ಏಪ್ರಿಲ್ 30ರಂದು ನ್ಯೂಯಾರ್ಕ್, ಬಾಸ್ಟನ್, ವಾಷಿಂಗ್ಟನ್ ನಗರಗಳ ನಡುವೆ ಅದು 'ಏರ್ ಷಟಲ್' ಆರಂಭಿಸಿತು. ಮುಂಗಡ ಕಾದಿರಿಸುವುದಿಲ್ಲ, ಬಂದವರಿಗೆಲ್ಲ ಸೀಟು ಖಂಡಿತ, ತಿಂಡಿ ಮಾತ್ರ ಇಲ್ಲ. ಗಗನಸಖಿಯರು ನಮ್ಮ ಬಸ್ ಕಂಡಕ್ಟರುಗಳ ಹಾಗೆ ಸೀಟಿನಿಂದ ಸೀಟಿಗೆ ಬಂದು ಟಿಕೆಟ್ ಹಣ ವಸೂಲು ಮಾಡುತ್ತಿದ್ದರು. ಒಂದು ಗಂಟೆಯ ಪ್ರಯಾಣಿಕ ಬಯಸುವುದು ಹೊತ್ತಿಗೆ ಸರಿಯಾಗಿ ತಲುಪುವುದನ್ನು, ತಟ್ಟೆಯನ್ನಲ್ಲ ಎಂಬುದನ್ನು ಷಟಲ್‌ನ ಜನಪ್ರಿಯತೆ ತೋರಿಸಿಕೊಟ್ಟಿತು.

ಈ ಪಾಠವನ್ನು ಪೂರ್ತಿಯಾಗಿ ಅರಗಿಸಿಕೊಂಡದ್ದು ಟೆಕ್ಸಾಸಿನ ಸೌತ್‌ವೆಸ್ಟ್. 1971ರ ಜೂನ್ 18ರಂದು ಡಲ್ಲಾಸ್, ಹ್ಯೂಸ್ಟನ್, ಸ್ಯಾನ್ ಆಂಟೋನಿಯೊ ನಡುವೆ ಹಾರತೊಡಗಿದ ಈ ಕಂಪನಿ ರಾಜ್ಯದ ಗಡಿ ದಾಟುತ್ತಿರಲಿಲ್ಲವಾದ್ದರಿಂದ ಕೇಂದ್ರದ ದರ ನಿಯಂತ್ರಣಕ್ಕೆ ಒಳಪಡಲಿಲ್ಲ. ಮರುವರ್ಷ ಹಣದ ಮುಗ್ಗಟ್ಟಿನಿಂದ ತನ್ನ ನಾಲ್ಕು ವಿಮಾನಗಳಲ್ಲಿ ಒಂದನ್ನು ಮಾರಬೇಕಾಯಿತು. ಉಳಿದ ಮೂರರಲ್ಲೇ ನಾಲ್ಕರ ವೇಳಾಪಟ್ಟಿ ನಡೆಸಲು, ಇಳಿದ ವಿಮಾನವನ್ನು ಹತ್ತೇ ನಿಮಿಷದಲ್ಲಿ ಮತ್ತೆ ಹಾರಿಸುವ ಕ್ರಮ ತಂದರು. ಆ ಕಂಪನಿ ಊಟದ ಬದಲು ಕೊಟ್ಟ ಕಡಲೆಬೀಜದ ಪೊಟ್ಟಣದ ಮಹತ್ವ ಇಲ್ಲಿದೆ. ಅದನ್ನು ಬಿಸಿ ಮಾಡಬೇಕಿಲ್ಲ, ತಣ್ಣಗಿಡಬೇಕಿಲ್ಲ. ಎಂಜಲು ತಟ್ಟೆ ಇಳಿಸಿ ಹೊಸ ತಟ್ಟೆ ಏರಿಸುವ ಲಾರಿಗಾಗಿ ಕಾಯಬೇಕಿಲ್ಲ. ಊಟದ ಖರ್ಚಿನಲ್ಲಿ ಅಡುಗೆಯ ಬೆಲೆ ಒಂದು ಭಾಗವಷ್ಟೇ. ನೆಲದ ಮೇಲೆ ವಿಮಾನ ನಿಂತು ಕಳೆಯುವ ನಿಮಿಷಗಳು ದೊಡ್ಡ ಭಾಗ. 1973ರಲ್ಲಿ ಎದುರಾಳಿ ಬ್ರಾನಿಫ್ ಟಿಕೆಟ್ ದರವನ್ನು 13 ಡಾಲರಿಗೆ ಇಳಿಸಿದಾಗ, ಪೂರ್ಣ ದರ 26 ಡಾಲರ್ ಕೊಟ್ಟವರಿಗೆ ಒಂದು ಬಾಟಲಿ ಮದ್ಯ ಉಚಿತ ಎಂದು ಸೌತ್‌ವೆಸ್ಟ್ ಸಾರಿತು. ಕಂಪನಿಯ ಖರ್ಚಿನಲ್ಲಿ ಓಡಾಡುವ ವ್ಯವಹಾರಸ್ಥರು ಪೂರ್ಣ ದರ ಕೊಟ್ಟು ಬಾಟಲಿಯನ್ನು ಮನೆಗೆ ಒಯ್ದರು. ಕಡಲೆಬೀಜ ಆ ಕಂಪನಿಯ ಗುರುತೇ ಆಗಿ, 2018ರ ಆಗಸ್ಟ್ 1ರವರೆಗೆ ಉಳಿಯಿತು. ಅದನ್ನು ನಿಲ್ಲಿಸಿದ್ದು ಅಲರ್ಜಿ ಇರುವ ಪ್ರಯಾಣಿಕರ ಸುರಕ್ಷತೆಗಾಗಿ.

1978ರ ಅಕ್ಟೋಬರಿನಲ್ಲಿ ಅಮೆರಿಕ ದರ ನಿಯಂತ್ರಣವನ್ನು ಕಾನೂನಿನ ಮೂಲಕವೇ ಕೈಬಿಟ್ಟಿತು. ಅಗ್ಗದ ಟಿಕೆಟ್ಟಿಗೆ ಜನ ಮುಗಿಬಿದ್ದರು. ತಟ್ಟೆ ತೆಳುವಾಗುತ್ತ ಬಂತು. ಅಮೆರಿಕನ್ ಏರ್‌ಲೈನ್ಸ್ ಮುಖ್ಯಸ್ಥ ರಾಬರ್ಟ್ ಕ್ರಾಂಡಲ್ ಸಲಾಡಿನಿಂದ ಒಂದೊಂದು ಆಲಿವ್ ತೆಗೆಸಿ ವರ್ಷಕ್ಕೆ ಸುಮಾರು 40,000 ಡಾಲರ್ ಉಳಿಸಿದ್ದು ಈ ಕಾಲದ ಪ್ರಸಿದ್ಧ ಪ್ರಸಂಗ. ಬೆಲ್ಜಿಯಮ್ಮಿನ ಲೋಟಸ್ ಬಿಸ್ಕತ್ತು ಎಂಬತ್ತರ ದಶಕದಲ್ಲಿ ವಿಮಾನ ಹತ್ತಿ, 'ಬಿಸ್ಕಾಫ್' ಹೆಸರಿನಲ್ಲಿ ಅಮೆರಿಕನ್ನರಿಗೆ ಪರಿಚಿತವಾಯಿತು. 2001ರ ಸೆಪ್ಟೆಂಬರ್ ದಾಳಿಯ ನಂತರ ನಷ್ಟಕ್ಕೆ ಬಿದ್ದ ಕಂಪನಿಗಳು ಬಿಸಿ ಊಟವನ್ನು ದೇಶದೊಳಗಿನ ಮಾರ್ಗಗಳಿಂದ ಬಹುಮಟ್ಟಿಗೆ ತೆಗೆದೇ ಹಾಕಿದವು. 2008ರ ಆಗಸ್ಟಿನಲ್ಲಿ ಯುಎಸ್ ಏರ್‌ವೇಸ್ ತಂಪು ಪಾನೀಯಕ್ಕೂ ಬೆಲೆ ಕಟ್ಟಿತು. ಬೇರೆ ದೊಡ್ಡ ಕಂಪನಿಗಳು ಹಿಂಬಾಲಿಸಲಿಲ್ಲ; ಮರುವರ್ಷದ ಮಾರ್ಚಿನಲ್ಲಿ ಅದು ಬೆಲೆಯನ್ನು ವಾಪಸು ತೆಗೆದುಕೊಂಡಿತು. ಪ್ರಯಾಣಿಕರ ಸಹನೆಗೂ ಒಂದು ಗೆರೆ ಇದೆ ಎಂಬುದು ಆಗ ಗೊತ್ತಾಯಿತು.

ಗಡಿಯಾರದ ಲೆಕ್ಕವನ್ನು ಹತ್ತಿರದಿಂದ ನೋಡಬೇಕು. ಬೆಂಗಳೂರಿನಿಂದ ಮಂಗಳೂರಿಗೋ ಚೆನ್ನೈಗೋ ವಿಮಾನ ನಿಜಕ್ಕೂ ಗಾಳಿಯಲ್ಲಿರುವುದು ಸುಮಾರು ನಲವತ್ತು ನಿಮಿಷ. ಏರುವ ಮೊದಲ ನಿಮಿಷಗಳಲ್ಲೂ ಇಳಿಯುವ ಕೊನೆಯ ನಿಮಿಷಗಳಲ್ಲೂ ಸಿಬ್ಬಂದಿ ತಮ್ಮ ಸೀಟಿನಲ್ಲಿ ಬೆಲ್ಟ್ ಕಟ್ಟಿ ಕೂರಬೇಕು. ಅದನ್ನು ಕಳೆದರೆ ಕೈಗೆ ಉಳಿಯುವುದು ಇಪ್ಪತ್ತು ನಿಮಿಷ ಮಾತ್ರ. 180 ಸೀಟಿನ ವಿಮಾನ ತುಂಬಿದ್ದು, ನಾಲ್ವರು ಸಿಬ್ಬಂದಿ ಎರಡು ಜೋಡಿಯಾಗಿ ಎರಡು ಟ್ರಾಲಿ ತಂದರೆ ಒಬ್ಬ ಪ್ರಯಾಣಿಕನ ಪಾಲಿಗೆ ಹದಿಮೂರು ಸೆಕೆಂಡು. ಅಷ್ಟರಲ್ಲೇ ಕೇಳಬೇಕು, ಕೊಡಬೇಕು, ಹಣ ಪಡೆಯಬೇಕು, ಖಾಲಿ ಲೋಟ ಹಿಂದಕ್ಕೆ ಸಂಗ್ರಹಿಸಬೇಕು. ಟ್ರಾಲಿಯ ಅಗಲ ಸುಮಾರು 30 ಸೆಂಟಿಮೀಟರ್, ಎತ್ತರ ಒಂದು ಮೀಟರಿಗಿಂತ ತುಸು ಹೆಚ್ಚು. ಯುರೋಪಿನ ಕಂಪನಿಗಳ ಕೂಟವೊಂದು ರೂಪಿಸಿದ 'ಅಟ್ಲಾಸ್' ಎಂಬ ಈ ಅಳತೆ ಇಂದು ಜಗತ್ತಿನ ಬಹುಪಾಲು ವಿಮಾನಗಳಲ್ಲಿದೆ. ಕಾಲಿನ ಬಳಿ ಕೆಂಪು ಮತ್ತು ಹಸಿರು ಮೆಟ್ಟುಹಲಗೆಗಳಿರುತ್ತವೆ: ಕೆಂಪು ತುಳಿದರೆ ಬ್ರೇಕು, ಹಸಿರು ತುಳಿದರೆ ಬಿಡುಗಡೆ. ವಿಮಾನ ಇನ್ನೂ ಮೂತಿ ಮೇಲೆತ್ತಿ ಏರುತ್ತಿರುವಾಗಲೇ ತುಂಬಿದ ಟ್ರಾಲಿಯನ್ನು ತಳ್ಳುವುದು ಎಂಥ ದುಡಿಮೆ ಎಂಬುದು ಸೀಟಿನಲ್ಲಿ ಕುಳಿತವರಿಗೆ ಅಷ್ಟಾಗಿ ತಿಳಿಯದು. ಅಮೆರಿಕದ ದೊಡ್ಡ ಕಂಪನಿಗಳು ಸುಮಾರು 250ರಿಂದ 300 ಮೈಲಿಗಿಂತ ಕಡಿಮೆ ದೂರದ ಹಾರಾಟಗಳಲ್ಲಿ ಈ ಸೇವೆಯನ್ನೇ ಬಿಡಲು ಕಾರಣವೂ ಇಂಥ ನಿಮಿಷಗಳ ಅಭಾವವೇ.

ಭೌತಶಾಸ್ತ್ರವೂ ಅಡ್ಡ ಬರುತ್ತದೆ. ಕ್ಯಾಬಿನ್ನಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ವಿಮಾನ ತೀರಾ ಎತ್ತರದಲ್ಲಿದ್ದಾಗ ಅದು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿನದಕ್ಕೆ ಸಮ. ಅಲ್ಲಿ ನೀರು ಸುಮಾರು 92ರಿಂದ 94 ಡಿಗ್ರಿಯಲ್ಲೇ ಕುದಿಯುವುದರಿಂದ ಚಹಾ ಚೆನ್ನಾಗಿ ಇಳಿಯುವುದಿಲ್ಲ. ಸೋಡಾ ಬೆರೆತ ಪಾನೀಯಗಳು ವಿಪರೀತ ನೊರೆಯುತ್ತವೆ. ನೊರೆ ತಗ್ಗುವವರೆಗೆ ಕಾಯಲು ಪುರುಸೊತ್ತಿಲ್ಲದೆ ಇಡೀ ಡಬ್ಬಿಯನ್ನೇ ಕೊಟ್ಟುಬಿಡುವುದುಂಟು. ಒಣಗಾಳಿ ಮತ್ತು ಕಡಿಮೆ ಒತ್ತಡದಲ್ಲಿ ಉಪ್ಪು, ಸಿಹಿಗಳ ರುಚಿ ಮಂಕಾಗುತ್ತದೆ ಎಂದು ಜರ್ಮನಿಯ ಫ್ರೌನ್‌ಹೋಫರ್ ಸಂಸ್ಥೆ ಲುಫ್ತಾನ್ಸಾಗಾಗಿ ನಡೆಸಿದ ಪ್ರಯೋಗ ತೋರಿಸಿತು. ವಿಮಾನದೊಳಗಿನಂಥ ಗದ್ದಲದಲ್ಲಿ ಸಿಹಿ ಕುಂದಿ, ಟೊಮೇಟೊದಲ್ಲಿರುವಂಥ 'ಉಮಾಮಿ' ರುಚಿ ಎದ್ದು ಕಾಣುತ್ತದೆ ಎಂದು 2015ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅಧ್ಯಯನ ಕಂಡುಕೊಂಡಿತು. ನೆಲದ ಮೇಲೆ ಟೊಮೇಟೊ ರಸ ಮುಟ್ಟದವರೂ ವಿಮಾನದಲ್ಲಿ ಅದನ್ನೇ ಕೇಳುವುದರ ಗುಟ್ಟು ಇದಿರಬೇಕು.

ಭಾರತದಲ್ಲಿ ದೇಶದೊಳಗಿನ ವಿಮಾನಯಾನ 1953ರಿಂದ ನಾಲ್ಕು ದಶಕ ಇಂಡಿಯನ್ ಏರ್‌ಲೈನ್ಸ್ ಕೈಯಲ್ಲಿತ್ತು. ಡಿಸಿ-3 ಮಾದರಿಯ ಡಕೋಟಾಗಳ ಬಳಿಕ 1957ರಲ್ಲಿ ವೈಕೌಂಟ್, 1961ರಲ್ಲಿ ಫಾಕರ್ ಫ್ರೆಂಡ್‌ಶಿಪ್, 1964ರಲ್ಲಿ ಕ್ಯಾರವೆಲ್ ಜೆಟ್ ಬಂದವು. ಹಾರುವ ಮುನ್ನ ಗಗನಸಖಿ ತಟ್ಟೆಯಲ್ಲಿ ಪೆಪ್ಪರಮೆಂಟು ಮತ್ತು ಹತ್ತಿ ಹಿಡಿದು ಬರುತ್ತಿದ್ದದ್ದು ಆ ಕಾಲದ ಪ್ರಯಾಣಿಕರಿಗೆಲ್ಲ ನೆನಪಿರುತ್ತದೆ. ಅದು ಬರೀ ಉಪಚಾರವಲ್ಲ. ಪೆಪ್ಪರಮೆಂಟು ಚೀಪುತ್ತ ಎಂಜಲು ನುಂಗಿದಾಗ ಕಿವಿಯಿಂದ ಗಂಟಲಿಗೆ ಇಳಿಯುವ ನಾಳ ತೆರೆದುಕೊಂಡು, ಎತ್ತರ ಬದಲಾದಾಗ ಕಿವಿ ಕಟ್ಟುವುದು ತಪ್ಪುತ್ತದೆ. ದೇಶದೊಳಗಿನ ಹಾರಾಟಗಳಲ್ಲಿ ಮದ್ಯ ಕೊಡುವಂತಿಲ್ಲವಾದ್ದರಿಂದ ಇಲ್ಲಿ ಪಾನೀಯವೆಂದರೆ ನೀರು, ಹಣ್ಣಿನ ರಸ, ಕಾಫಿ, ಚಹಾ. ಖಾಸಗಿ ಕಂಪನಿಗಳು ತೊಂಬತ್ತರ ದಶಕದಲ್ಲಿ ಬಂದಾಗ, 1993ರಲ್ಲಿ ಆರಂಭವಾದ ಜೆಟ್ ಏರ್‌ವೇಸ್ ಮುಂತಾದವು ಬಿಸಿ ಊಟದಿಂದಲೇ ಹೆಸರು ಗಳಿಸಿದವು.

ಆ ಪೈಪೋಟಿಯ ದಿಕ್ಕು ಬದಲಾದದ್ದು ಬೆಂಗಳೂರಿನಲ್ಲಿ. ಹಾಸನ ಜಿಲ್ಲೆಯ ಗೊರೂರಿನ ಕ್ಯಾಪ್ಟನ್ ಜಿ.ಆರ್. ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಆರಂಭಿಸಿ, ಹುಬ್ಬಳ್ಳಿಯಂಥ ಊರುಗಳಿಗೆ ಪುಟ್ಟ ಎಟಿಆರ್ ವಿಮಾನ ಹಾರಿಸಿದರು. ಊಟ ಉಚಿತವಲ್ಲ, ಬೇಕಾದವರು ಕೊಂಡು ತಿನ್ನಬೇಕು. ಅದಕ್ಕೆ ಪ್ರತಿಯಾಗಿ ಟಿಕೆಟ್ ಅಗ್ಗ. ಮೊದಲ ಬಾರಿಗೆ ವಿಮಾನ ಹತ್ತಿದ ಸಾವಿರಾರು ಜನಕ್ಕೆ ಆ ಉಳಿತಾಯ ಯಾವ ಬಿಸಿ ಊಟಕ್ಕಿಂತಲೂ ದೊಡ್ಡದಾಗಿತ್ತು. 2005ರಲ್ಲಿ ಬೆಂಗಳೂರಿನದೇ ಉದ್ಯಮಸಮೂಹದ ಕಿಂಗ್‌ಫಿಷರ್ ಉಪಚಾರವನ್ನೇ ಬಂಡವಾಳ ಮಾಡಿಕೊಂಡು ಬಂತು, ಏರ್ ಡೆಕ್ಕನ್ನನ್ನು ತನ್ನೊಳಗೆ ಸೇರಿಸಿಕೊಂಡಿತು, 2012ರಲ್ಲಿ ನಿಂತುಹೋಯಿತು. ಗೆದ್ದು ಉಳಿದದ್ದು ಕೊಂಡು ತಿನ್ನುವ ಪದ್ಧತಿಯೇ. 2006ರಲ್ಲಿ ಹಾರತೊಡಗಿದ ಇಂಡಿಗೋ ಅದನ್ನು ದೇಶದ ಸಾಮಾನ್ಯ ರೂಢಿಯಾಗಿಸಿತು. ಅದರ ಟ್ರಾಲಿಯಲ್ಲಿ ಬಿಸಿನೀರು ಸುರಿದರೆ ಸಿದ್ಧವಾಗುವ ಉಪ್ಪಿಟ್ಟು, ಅವಲಕ್ಕಿ ಲೋಟಗಳು ಜಾಗ ಪಡೆದವು. ಇಂಥ ಒಣ ತಿನಿಸುಗಳ ಹಿಂದೆ ದೀರ್ಘ ಸಂಶೋಧನೆ ಇದೆ. ಮೈಸೂರಿನ ರಕ್ಷಣಾ ಆಹಾರ ಸಂಶೋಧನಾಲಯ 1961ರಿಂದ ಸೈನಿಕರಿಗಾಗಿ ಈ ಕ್ಷೇತ್ರದಲ್ಲಿ ದುಡಿದಿದೆ. ಆದರೆ ರವೆ ಅರಳಲು ಕೆಲವು ನಿಮಿಷ ಬೇಕೇ ಬೇಕು. ಕಿರುಹಾರಾಟದಲ್ಲಿ ಕೊನೆಯ ಸಾಲಿನವರು ಮುಚ್ಚಳ ತೆಗೆಯುವ ಹೊತ್ತಿಗೆ ವಿಮಾನ ಇಳಿಯತೊಡಗಿರುತ್ತದೆ.

2013ರಲ್ಲಿ ತಿಂಡಿ, ಸಾಮಾನು, ಸೀಟಿನ ಆಯ್ಕೆಗಳಿಗೆ ಪ್ರತ್ಯೇಕ ಶುಲ್ಕ ವಿಧಿಸಲು ಸರ್ಕಾರ ಅನುಮತಿ ಕೊಟ್ಟಾಗ ಕುಡಿಯುವ ನೀರನ್ನು ಅದರಿಂದ ಹೊರಗಿಟ್ಟಿತು. ಇದು ಸಣ್ಣ ವಿನಾಯಿತಿಯಂತೆ ಕಂಡರೂ ಬಹಳ ಸರಿಯಾದ ನಿರ್ಧಾರ. ಭದ್ರತಾ ತಪಾಸಣೆ, ಸರದಿ, ಒಣಗಾಳಿಗಳನ್ನು ದಾಟಿ ಬಂದವರಿಗೆ ನೀರು ಐಷಾರಾಮವಲ್ಲ. ಏರ್ ಇಂಡಿಯಾ ಊಟವನ್ನು ಉಳಿಸಿಕೊಂಡಿತಾದರೂ 2017ರಲ್ಲಿ ದೇಶದೊಳಗಿನ ಎಕಾನಮಿ ತರಗತಿಯಲ್ಲಿ ಸಸ್ಯಾಹಾರವನ್ನಷ್ಟೇ ಕೊಡಲು ನಿರ್ಧರಿಸಿತು. ಖರ್ಚು ಮತ್ತು ಪೋಲು ತಗ್ಗಿಸುವುದು ಅದರ ಉದ್ದೇಶವಾಗಿತ್ತು.

ಕೋವಿಡ್ ಕಾಲದಲ್ಲಿ ಹಾರಾಟದ ಅವಧಿಯೇ ತಿಂಡಿಯನ್ನು ನಿರ್ಧರಿಸುವ ಕಾನೂನಾಯಿತು. 2020ರ ಮೇ 25ರಂದು ದೇಶದೊಳಗಿನ ವಿಮಾನಗಳು ಮತ್ತೆ ಹಾರಿದಾಗ ಊಟ ಪೂರ್ತಿ ನಿಷಿದ್ಧ. ಆಗಸ್ಟ್ ಕೊನೆಯಲ್ಲಿ ಮೊದಲೇ ಪೊಟ್ಟಣ ಕಟ್ಟಿದ ತಿಂಡಿಗೆ ಅವಕಾಶ ಸಿಕ್ಕಿತು. ಎರಡನೆಯ ಅಲೆ ಬಂದಾಗ, 2021ರ ಏಪ್ರಿಲ್ 15ರಿಂದ, ಎರಡು ಗಂಟೆಗಿಂತ ಕಡಿಮೆ ಅವಧಿಯ ಹಾರಾಟಗಳಲ್ಲಿ ತಿಂಡಿಯನ್ನು ನಿಲ್ಲಿಸಿದರು. ಅದೇ ವರ್ಷ ನವೆಂಬರಿನಲ್ಲಿ ಆ ನಿರ್ಬಂಧ ತೆರವಾಯಿತು.

ಯುರೋಪಿನಲ್ಲೂ ಕೊಂಡು ತಿನ್ನುವ ದಾರಿಯೇ. 2017ರ ಜನವರಿಯಲ್ಲಿ ಕಿರುಮಾರ್ಗಗಳ ಉಚಿತ ತಿಂಡಿ ನಿಲ್ಲಿಸಿ ಮಾರಾಟ ಆರಂಭಿಸಿದ ಬ್ರಿಟಿಷ್ ಏರ್‌ವೇಸ್, ಕೋವಿಡ್ ಬಳಿಕ ಸಣ್ಣ ನೀರಿನ ಬಾಟಲಿಯನ್ನೂ ಒಂದು ಕುರುಕಲು ಪೊಟ್ಟಣವನ್ನೂ ಉಚಿತವಾಗಿ ವಾಪಸು ತಂದಿತು. ಈಚೆಗೆ ಗಾಳಿಯ ಹೊಯ್ದಾಟದ ಅಪಾಯ ಸೇವೆಯ ನಿಮಿಷಗಳನ್ನು ಇನ್ನಷ್ಟು ಕತ್ತರಿಸಿದೆ. 2024ರ ಮೇ ತಿಂಗಳಲ್ಲಿ ತನ್ನ ವಿಮಾನವೊಂದು ಇಂಥ ಹೊಯ್ದಾಟಕ್ಕೆ ಸಿಕ್ಕಿದ ಅವಘಡದ ನಂತರ ಸಿಂಗಪುರ ಏರ್‌ಲೈನ್ಸ್ ಸೀಟ್ ಬೆಲ್ಟ್ ದೀಪ ಹೊತ್ತಿರುವಾಗ ಬಿಸಿ ಪಾನೀಯ ಕೊಡುವುದನ್ನು ನಿಲ್ಲಿಸಿತು. ಅದೇ ವರ್ಷ ಡಿಸೆಂಬರಿನಿಂದ ಸೌತ್‌ವೆಸ್ಟ್ ಸಿಬ್ಬಂದಿ ಇಳಿಯುವ ಸಿದ್ಧತೆಯನ್ನು 10,000 ಅಡಿಯ ಬದಲು 18,000 ಅಡಿಯಲ್ಲೇ ಆರಂಭಿಸತೊಡಗಿದರು. ಸಿಬ್ಬಂದಿಯ ಮೂಳೆ ಮುರಿಯುವುದಕ್ಕಿಂತ ಒಂದು ಲೋಟ ಕಾಫಿ ತಪ್ಪುವುದು ಮೇಲು ಎಂಬ ಈ ತೀರ್ಮಾನ ನ್ಯಾಯವಾದದ್ದು. ತೀರಾ ಕಿರಿದಾದ ಮಾರ್ಗಗಳಿಗೆ ಹವಾಯಿ ದ್ವೀಪಗಳಲ್ಲಿ ಬಹುಕಾಲದಿಂದ ನಡೆದುಬಂದ ವಿಧಾನ ಚೆನ್ನಾಗಿ ಹೊಂದುತ್ತದೆ. ದ್ವೀಪದಿಂದ ದ್ವೀಪಕ್ಕೆ ಅರ್ಧ ಗಂಟೆಯ ಹಾರಾಟ. ಪ್ಯಾಷನ್ ಹಣ್ಣು, ಕಿತ್ತಳೆ, ಸೀಬೆ ಬೆರೆಸಿದ ರಸ. ಮುಚ್ಚಳ ಅಂಟಿಸಿದ ಪುಟ್ಟ ಲೋಟದಲ್ಲಿ ಅದನ್ನು ಕೈಗಿಟ್ಟು ಹೋಗುತ್ತಾರೆ. ಸುರಿಯುವ ಕೆಲಸವೂ ಇಲ್ಲ, ಚೆಲ್ಲುವ ಭಯವೂ ಇಲ್ಲ.