ನೋವು ಹೋದ ಮಾತ್ರಕ್ಕೆ ಮೊಣಕಾಲು ಗುಣವಾಯಿತೇ?



ಇವತ್ತು ನನ್ನ ಮೊಣಕಾಲಿನ ಕಥೆ ಹೇಳುತ್ತೇನೆ. ನಗಬೇಡಿ, ನಿಮ್ಮ ಮನೆಯಲ್ಲೂ ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಎರಡು ವರ್ಷದ ಹಿಂದೆ ಇಲ್ಲಿ ಮುಂಬಯಿಯಲ್ಲಿ, ನಮ್ಮ ಕನ್ನಡ ಬಳಗದ ಕ್ರೀಡಾಕೂಟದಲ್ಲಿ ಕಬಡ್ಡಿಗೆ ಇಳಿದೆ. ಕಾಲೇಜು ಬಿಟ್ಟು ಹನ್ನೆರಡು ವರ್ಷವಾಗಿದೆ ಎಂಬುದು ಉತ್ಸಾಹದಲ್ಲಿ ಮರೆತೇ ಹೋಗಿತ್ತು. ಓಡುತ್ತಿದ್ದವನು ಪಾದ ಊರಿ ಗಕ್ಕನೆ ಹಿಂದಕ್ಕೆ ತಿರುಗಿದೆ. ಮೊಣಕಾಲಿನ ಒಳಗೆ 'ಟಪ್' ಎಂದಿತು. ಯಾರೂ ನನ್ನನ್ನು ಮುಟ್ಟಿಯೂ ಇರಲಿಲ್ಲ! ಸಂಜೆಯೊಳಗೆ ತೆಂಗಿನಕಾಯಿಯಷ್ಟು ಊದಿತು.

"ಉಳುಕಿದೆ, ಎಣ್ಣೆ ಹಚ್ಚಿ ನೀವಿದರೆ ಸರಿಹೋಗುತ್ತದೆ" ಎಂದರು ಹಿರಿಯರು. ಹಾಗೇ ಮಾಡಿದೆ. ಮೂರು ವಾರದಲ್ಲಿ ಊತ ಇಳಿಯಿತು, ನೋವೂ ಹೋಯಿತು. ಮತ್ತೆ ಲೋಕಲ್ ರೈಲು ಹತ್ತಿದೆ. ಒಂದು ದಿನ ಸ್ಟೇಷನ್ನಿನ ಮೆಟ್ಟಿಲು ಇಳಿಯುವಾಗ, ಹಿಂದಿನಿಂದ ಜನ ನೂಕುತ್ತಿದ್ದಾಗ, ಕಾಲು ಕೈಕೊಟ್ಟಿತು. ಎಂ.ಆರ್.ಐ. ಮಾಡಿಸಿದರೆ, ಎ.ಸಿ.ಎಲ್. ಎಂಬ ಲಿಗಮೆಂಟ್ ಪೂರ್ತಿ ಹರಿದಿದೆ, ಜೊತೆಗೆ ಮೂಳೆಗಳ ನಡುವಿನ ಮೆತ್ತೆಯೂ ಹರಿದಿದೆ! ಮೆತ್ತೆ ಹರಿದದ್ದು ಬಹುಶಃ ಮೆಟ್ಟಿಲಲ್ಲಿ ಬಿದ್ದಾಗ ಎಂದರು ವೈದ್ಯರು. ನನ್ನ ಮೊದಲ ತಪ್ಪು ಅದೇ. ನೋವು ಹೋಗಿತ್ತು, ಗಾಯ ಹೋಗಿರಲಿಲ್ಲ.

ತೊಡೆಯ ಮೂಳೆಯನ್ನೂ ಕೆಳಗಿನ ಮೂಳೆಯನ್ನೂ ಹಿಡಿದಿಡುವ ಹಗ್ಗಗಳೇ ಲಿಗಮೆಂಟುಗಳು. ಮೊಣಕಾಲಿನಲ್ಲಿ ಮುಖ್ಯವಾದವು 4. ಒಳಬದಿಯದು ಹರಿದರೆ ಸಾಮಾನ್ಯವಾಗಿ ಪಟ್ಟಿ ಮತ್ತು ವ್ಯಾಯಾಮದಲ್ಲೇ ಕೂಡಿಕೊಳ್ಳುತ್ತದೆ. ನಡುವೆ ಇರುವ ಎ.ಸಿ.ಎಲ್. ಪೂರ್ತಿ ಹರಿದರೆ ಆ ಭರವಸೆ ಕಡಿಮೆ.

ಹಾಗಾದರೆ ಎಲ್ಲರಿಗೂ ಆಪರೇಷನ್ ಬೇಕೇ? ಬೇಕಿಲ್ಲ. ಸ್ವೀಡನ್ನಿನಲ್ಲಿ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ವ್ಯಾಯಾಮದಿಂದಲೇ ಚಿಕಿತ್ಸೆ ಆರಂಭಿಸಿದ 59 ಮಂದಿಯಲ್ಲಿ 36 ಮಂದಿ ಎರಡು ವರ್ಷವಾದರೂ ಈ ಆಪರೇಷನ್ ಮಾಡಿಸಿಕೊಂಡಿರಲಿಲ್ಲ. ಗಕ್ಕನೆ ತಿರುಗುವ ಆಟ ಆಡುವವರಿಗೆ, ಕಾಲು ಪದೇಪದೇ ಕೈಕೊಡುವವರಿಗೆ, ವೈದ್ಯರು ಆಪರೇಷನ್ ಹೇಳುತ್ತಾರೆ. ವ್ಯಾಯಾಮ ಮಾತ್ರ ಇಬ್ಬರಿಗೂ ತಪ್ಪಿದ್ದಲ್ಲ.

ನನಗೆ ಆಪರೇಷನ್ ಆಯಿತು. ತೊಡೆಯ ಹಿಂಭಾಗದ ಸ್ನಾಯುರಜ್ಜು ತೆಗೆದು ಹೊಸ ಲಿಗಮೆಂಟ್ ಮಾಡಿ ಕೂರಿಸಿದರು. ಅದಕ್ಕೆ ಹಿಡಿದದ್ದು ಸುಮಾರು ಎರಡು ಗಂಟೆ. ಮುಂದಿನದಕ್ಕೆ ಹತ್ತು ತಿಂಗಳು!

ಹುಬ್ಬಳ್ಳಿಯಿಂದ ಬಂದ ಅವ್ವ, "ಕಾಲ ಅಲುಗಾಡಿಸಬ್ಯಾಡಪಾ, ಸುಮ್ನ ಮಲಕೊ" ಎನ್ನುತ್ತಿದ್ದಳು. ಫಿಸಿಯೋಥೆರಪಿಸ್ಟ್ ಹೇಳಿದ್ದು ತದ್ವಿರುದ್ಧ. ಮರುದಿನದಿಂದಲೇ ವ್ಯಾಯಾಮ. ಹಿಮ್ಮಡಿಯ ಕೆಳಗೆ ಟವೆಲ್ ಸುರುಳಿ ಇಟ್ಟು ಮೊಣಕಾಲನ್ನು ಪೂರ್ತಿ ನೇರ ಮಾಡುವುದು, ತೊಡೆ ಬಿಗಿಹಿಡಿದು ಬಿಡುವುದು. ಮೊದಲಲ್ಲೇ ಕಾಲು ನೇರವಾಗದಿದ್ದರೆ ಮುಂದೆ ಕುಂಟುವುದು ಉಳಿಯಬಹುದು. ತೊಡೆಯ ಸ್ನಾಯು ನೋಡನೋಡುತ್ತಲೇ ಸೊರಗುತ್ತದೆ. ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರುಗಾಲು ಎರಡಕ್ಕೂ ಆಗ ನಿಷೇಧ. ಮೀನಖಂಡದಲ್ಲಿ ನೋವು, ಊತ ಕಂಡರೆ, ಜ್ವರ ಬಂದರೆ, ಗಾಯ ಸೋರಿದರೆ ತಡಮಾಡದೆ ಆಸ್ಪತ್ರೆಗೆ ಬರಬೇಕೆಂದೂ ಹೇಳಿದ್ದರು.

ಮೂರನೆಯ ತಿಂಗಳಲ್ಲಿ ನೋವೇ ಇರಲಿಲ್ಲ. ಓಡೋಣ ಎನಿಸಿತು. ಅಲ್ಲಿಯೇ ಅಪಾಯ. ಕೂರಿಸಿದ ರಜ್ಜು ಆಗಿನ್ನೂ ಎಳೆಯದು. 2016ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಒಂಬತ್ತು ತಿಂಗಳವರೆಗೆ ಆಟವನ್ನು ಮುಂದೂಡಿದ ಒಂದೊಂದು ತಿಂಗಳಿಗೂ ಮತ್ತೆ ಪೆಟ್ಟಾಗುವ ಸಂಭವ ಸುಮಾರು ಅರ್ಧದಷ್ಟು ಇಳಿಯುತ್ತದೆ. ಕುಸ್ತಿಪಟು ವಿನೇಶ್ ಫೋಗಟ್ 2016ರ ರಿಯೋ ಒಲಿಂಪಿಕ್ಸ್‌ನಲ್ಲಿ ಮೊಣಕಾಲಿಗೆ ಪೆಟ್ಟಾಗಿ ಸ್ಟ್ರೆಚರಿನಲ್ಲಿ ಹೊರಗೆ ಹೋದವರು. 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಅವರೇ ಚಿನ್ನ ಗೆದ್ದರು. ಹರಿದ ಕಾಲು ಮರಳಿ ಬರುತ್ತದೆ, ಆದರೆ ಅದರ ಗಡಿಯಾರ ಬೇರೆ.

ಹಾಗಾಗಿ ಮಿತ್ರರೇ, ಮೊಣಕಾಲು 'ಟಪ್' ಎಂದು, ಕೆಲವೇ ಗಂಟೆಯಲ್ಲಿ ಊದಿದರೆ ಎಣ್ಣೆ ಬಾಟಲಿ ಹುಡುಕಬೇಡಿ. ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಕಾಲಿಗೆ ಭಾರ ಕೊಡಬೇಡಿ, ಮೂಳೆ ವೈದ್ಯರಿಗೆ ತೋರಿಸಿ.

ಈ ವರ್ಷವೂ ನಮ್ಮ ಬಳಗದ ಕಬಡ್ಡಿ ನಡೆಯಿತು. ನಾನೂ ಇದ್ದೆ, ಸೀಟಿ ಹಿಡಿದುಕೊಂಡು! ಸ್ಟೇಷನ್ನಿನ ಮೆಟ್ಟಿಲನ್ನು ಈಗ ಕಂಬಿ ಹಿಡಿಯದೆ ಇಳಿಯುತ್ತೇನೆ. ನನಗೆ ಅಷ್ಟು ಸಾಕು.