ಜೂತಪಳ್ಳಿಯ ಹೊರ ಅಂಕಣ

(ಕೊಟ್ಟೂರಿನಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಕೂಟದಲ್ಲಿ ಆಡಿದ ಮಾತು)

ಕವಿತೆ ಓದು ಅಂತ ಕರೆದಿದ್ದೀರಿ. ಕವಿತೆ ಇನ್ನೊಂದು ದಿನಕ್ಕಿರಲಿ. ಇವತ್ತು ಕೇರಳದಲ್ಲಿ ನೋಡಿಬಂದ ಒಂದು ಸಣ್ಣ ಮ್ಯೂಸಿಯಂ ಬಗ್ಗೆ ಮಾತಾಡ್ತೀನಿ. ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ ಕಡೆ ಹುಡುಗರಿಗೆ ಯೆಹೂದಿಗಳ ಗುಡಿ ಕಟ್ಟಿಕೊಂಡು ಏನಾಗಬೇಕು ಅನ್ನಿಸಬಹುದು. ಸ್ವಲ್ಪ ತಾಳ್ರಿ.

ಎರ್ನಾಕುಲಂ ಜಿಲ್ಲೆಯಲ್ಲಿ, ಉತ್ತರ ಪರವೂರಿನ ಹತ್ತಿರ, ಚೇಂದಮಂಗಲ ಅಂತ ಒಂದು ಊರು. ಅಲ್ಲಿ ಯೆಹೂದಿಗಳು ಪ್ರಾರ್ಥನೆ ಮಾಡುತ್ತಿದ್ದ ಒಂದು ಕಟ್ಟಡವಿದೆ. ಇಂಗ್ಲಿಷಿನವರು ಸಿನಗಾಗ್ ಅಂತಾರೆ, ಅಲ್ಲಿನ ಜನ ಜೂತಪಳ್ಳಿ ಅಂತಾರೆ. ಈಗ ನಿಂತಿರುವ ಕಟ್ಟಡ ಹದಿನೇಳನೇ ಶತಮಾನದ್ದು. ಆದರೆ ಅದರ ಮುಂದೆ ನಿಲ್ಲಿಸಿರುವ ಒಂದು ಗೋರಿಕಲ್ಲು 1269ರದ್ದು. ಸಾರಾ ಅನ್ನೋ ಹೆಣ್ಣುಮಗಳ ಹೆಸರು ಅದರ ಮೇಲಿದೆ. ಈ ದೇಶದಲ್ಲಿ ಸಿಕ್ಕಿರುವ ಹೀಬ್ರೂ ಬರಹಗಳಲ್ಲಿ ಅದೇ ಹಳೆಯದು ಅಂತ ಬಲ್ಲವರು ಹೇಳ್ತಾರೆ. ಇಲ್ಲಿದ್ದ ಯೆಹೂದಿಗಳು 1950ರ ದಶಕದಲ್ಲಿ ಇಸ್ರೇಲಿಗೆ ಹೊರಟುಹೋದರು. ಕಟ್ಟಡ ಪಾಳುಬಿತ್ತು. ಆಮೇಲೆ ರಿಪೇರಿ ಮಾಡಿ 2006ರಲ್ಲಿ ಮ್ಯೂಸಿಯಂ ಮಾಡಿದರು.

ಒಳಗೆ ಹೋದರೆ ಕಣ್ಣು ಮೇಲಕ್ಕೇ ಹೋಗುತ್ತೆ. ಮರದ ಮಾಳಿಗೆ ತುಂಬ ಕೆತ್ತಿ ಬಣ್ಣ ಹಚ್ಚಿದ ಕಮಲಗಳು. ಯೆಹೂದಿ ದೇವರ ಮನೆಯಲ್ಲಿ ಮಲೆಯಾಳದ ಬಡಗಿಯ ಕಮಲ. ಮೇಲೆ ಹೆಂಗಸರಿಗೆ ಬೇರೆ ಅಟ್ಟ. ಗಂಡಸರು ಕೂರುವ ಒಳಮನೆಗೆ ಮುಂಚೆ ಒಂದು ಹೊರ ಅಂಕಣ ಇದೆ, ಅದಕ್ಕೆ ಅಝಾರ ಅಂತಾರೆ. ಈ ಅಝಾರ ಅನ್ನೋ ಪದ ನೆನಪಿಟ್ಟುಕೊಳ್ಳಿ.

ಈ ಊರಿನ ಬಗ್ಗೆ ಬಂದವರಿಗೆಲ್ಲ ಹೇಳುವ ಮಾತೊಂದಿದೆ. ಗುಡಿ, ಮಸೀದಿ, ಚರ್ಚು, ಜೂತಪಳ್ಳಿ ನಾಲ್ಕೂ ಇಲ್ಲಿ ಒಂದರ ಕೂಗು ಇನ್ನೊಂದಕ್ಕೆ ಕೇಳುವಷ್ಟು ಹತ್ತಿರ, ಎಲ್ಲರೂ ಕೂಡಿ ಬಾಳಿದ್ದರು ಅಂತ. ಸುಳ್ಳಲ್ಲ. ಯುರೋಪಿನಲ್ಲಿ ಯೆಹೂದಿಗಳನ್ನು ಅಟ್ಟಾಡಿಸಿ ಕೊಲ್ಲುತ್ತಿದ್ದ ಕಾಲದಲ್ಲಿ ಕೇರಳದ ರಾಜರು ಅವರನ್ನು ಕರೆದು ಕೂರಿಸಿದರು. ಸುಮಾರು ಕ್ರಿ.ಶ. 1000ದಲ್ಲಿ ಭಾಸ್ಕರ ರವಿವರ್ಮ ಜೋಸೆಫ್ ರಬ್ಬಾನ್ ಎಂಬ ಯೆಹೂದಿ ವರ್ತಕನಿಗೆ ತಾಮ್ರ ಶಾಸನ ಬರೆದುಕೊಟ್ಟ. ಅದರಲ್ಲಿ 72 ಹಕ್ಕು. ಪಲ್ಲಕ್ಕಿ ಏರುವ ಹಕ್ಕು, ಕೊಡೆ ಹಿಡಿಯುವ ಹಕ್ಕು, ಹಗಲು ದೀವಟಿಗೆ ಹಚ್ಚುವ ಹಕ್ಕು, ಡೋಲು ಕಹಳೆ ಊದಿಸುವ ಹಕ್ಕು.

ಗೆಳೆಯರೆ, ಕೊಡೆ ಹಿಡಿಯುವ ಹಕ್ಕು! ನಿಮ್ಮ ಅಜ್ಜಂದಿರನ್ನ ಕೇಳಿ ನೋಡ್ರಿ, ಊರ ಯಜಮಾನರ ಓಣಿಯಾಗ ಕಾಲಾಗ ಮೆಟ್ಟು ಹಾಕ್ಕೊಂಡು ನಡೆದದ್ದು ಎಂದಿನಿಂದ ಅಂತ. ಹಡಗು ಹತ್ತಿ ಬಂದವನಿಗೆ ತಾಮ್ರದ ಮೇಲೆ ಬರೆದುಕೊಟ್ಟದ್ದನ್ನು, ಅದೇ ಮಣ್ಣಲ್ಲಿ ಹುಟ್ಟಿ ಗದ್ದೆ ಗೇಯ್ದ ಪುಲಯನಿಗೆ ಬಾಯಿಮಾತಲ್ಲೂ ಕೊಡಲಿಲ್ಲ.

ಅದೇ ಚೇಂದಮಂಗಲದಲ್ಲಿ ಪಾಲಿಯಂ ಮನೆತನ ಅಂತ ಇದೆ. ಕೊಚ್ಚಿ ರಾಜರಿಗೆ ಮಂತ್ರಿಗಳಾಗಿದ್ದವರು. ಅವರ ಮನೆ, ಗುಡಿ ಪಕ್ಕದ ರಸ್ತೆಯಲ್ಲಿ ಕೀಳುಜಾತಿ ಅನ್ನಿಸಿಕೊಂಡವರು ನಡೆಯುವಂತಿರಲಿಲ್ಲ. 1947ರ ಆಗಸ್ಟ್ 15 ಆಗಿಹೋದ ಮೇಲೂ! ಆ ವರ್ಷ ಡಿಸೆಂಬರಿನಲ್ಲಿ ಜನ ಸತ್ಯಾಗ್ರಹಕ್ಕೆ ಕೂತರು. ಮೂರು ತಿಂಗಳ ಮೇಲೆ ನಡೆಯಿತು. 1948ರ ಮಾರ್ಚಿನಲ್ಲಿ ಪೊಲೀಸರ ಹೊಡೆತಕ್ಕೆ ಎ.ಜಿ. ವೇಲಾಯುಧನ್ ಸತ್ತರು. ನಾಲ್ಕು ಧರ್ಮದ ಕೂಗು ಒಟ್ಟಿಗೆ ಕೇಳುವ ಊರಿನಲ್ಲಿ ಒಂದು ರಸ್ತೆ ನಡೆಯೋದಕ್ಕೆ ಒಂದು ಜೀವ ಹೋಯಿತು. ದೇವರು ದೇವರು ಜಗಳ ಆಡದೆ ಇರೋದು ಬೇರೆ, ಮನುಷ್ಯನನ್ನು ಮನುಷ್ಯ ಮುಟ್ಟೋದು ಬೇರೆ.

ಇನ್ನು ಒಳಗಿನ ಕಥೆಗೆ ಬರ್ತೀನಿ. ನಾನು ಇಷ್ಟು ದೂರ ಎಳೆದುಕೊಂಡು ಬಂದದ್ದು ಅದಕ್ಕೇನೆ.

1492ರಲ್ಲಿ ಸ್ಪೇನ್ ದೇಶ ತನ್ನ ಯೆಹೂದಿಗಳನ್ನೆಲ್ಲ ಹೊರದಬ್ಬಿತು. ಮನೆ ಮಠ ಬಿಟ್ಟು ಓಡಿದವರಲ್ಲಿ ಕೆಲವರು ಕೊಚ್ಚಿಗೂ ಬಂದರು. ಇವರಿಗೆ ಪರದೇಶಿಗಳು ಅಂತ ಹೆಸರು. ಬಿಳಿ ಯೆಹೂದಿಗಳು ಅಂತಲೂ ಕರೀತಾರೆ. 1568ರಲ್ಲಿ ಮಟ್ಟಾಂಚೇರಿಯಲ್ಲಿ ತಮ್ಮದೇ ಪಳ್ಳಿ ಕಟ್ಟಿಕೊಂಡರು. ಮೊದಲಿಂದ ಇಲ್ಲೇ ಇದ್ದವರು ಮಲಬಾರಿಗಳು, ಕರಿ ಯೆಹೂದಿಗಳು. ಬಿಳಿಯರು ಕರಿಯರಿಗೆ ಹೆಣ್ಣು ಕೊಡಲಿಲ್ಲ, ತರಲಿಲ್ಲ. ಇವರಿಬ್ಬರ ಕೆಳಗೆ ಮೂರನೆಯವರು ಇದ್ದರು, ಮೆಶುಹ್ರಾರಿಂ. ಹಾಗಂದರೆ ಬಿಡುಗಡೆಯಾದ ಗುಲಾಮರು, ಅವರ ಮಕ್ಕಳು ಮೊಮ್ಮಕ್ಕಳು. ಧರ್ಮ ಅದೇ, ಪ್ರಾರ್ಥನೆ ಅದೇ, ತೋರಾ ಅದೇ. ಆದರೆ ಮಟ್ಟಾಂಚೇರಿ ಪಳ್ಳಿಯ ಒಳಗೆ ಬೆಂಚಿನ ಮೇಲೆ ಅವರು ಕೂರೋ ಹಾಗಿಲ್ಲ. ಅಝಾರದಲ್ಲಿ, ನೆಲದ ಮೇಲೆ ಕೂರಬೇಕು. ಎಲ್ಲರಂತೆ ಎದ್ದುಹೋಗಿ ತೋರಾ ಓದೋ ಹಾಗಿಲ್ಲ. ಸತ್ತರೂ ಬಿಳಿಯರ ಮಣ್ಣಲ್ಲಿ ಜಾಗ ಇಲ್ಲ.

ಶಾಸ್ತ್ರದಲ್ಲಿ ಹಾಗಿದೆಯಾ ಅಂತ ಕೇಳ್ತೀರಿ. ಇಲ್ಲ! 1520ರ ಸುಮಾರಿಗೆ ಈ ಪ್ರಶ್ನೆ ಕೊಚ್ಚಿಯಿಂದ ಕೈರೋವರೆಗೆ ಹೋಗಿತ್ತು. ಅಲ್ಲಿನ ದೊಡ್ಡ ಧರ್ಮಪಂಡಿತ ಡೇವಿಡ್ ಇಬ್ನ್ ಜಿಮ್ರಾ, ವಿಧಿಪ್ರಕಾರ ಧರ್ಮಕ್ಕೆ ಸೇರಿಸಿಕೊಂಡರೆ ಅವರೂ ಪೂರಾ ಯೆಹೂದಿಗಳೇ, ಮದುವೆಗೂ ಅಡ್ಡಿಯಿಲ್ಲ ಅಂತ ತೀರ್ಪು ಬರೆದ. ಆ ತೀರ್ಪು ಕೊಚ್ಚಿಯ ಬೆಂಚನ್ನು ಒಂದು ಗೇಣೂ ಕದಲಿಸಲಿಲ್ಲ. ಶಾಸ್ತ್ರ ನಮ್ಮ ಪರವಾಗಿದ್ದರೂ ಅಷ್ಟೆ, ವಿರುದ್ಧವಾಗಿದ್ದರೂ ಅಷ್ಟೆ. ವಚನ ಬಾಯಿಪಾಠ ಹೇಳೋ ನಮ್ಮ ಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಆ ನೆಲದಿಂದ ಎದ್ದ ಒಬ್ಬ ಮನುಷ್ಯ ಅಬ್ರಹಾಂ ಬರಾಕ್ ಸೇಲಂ. 1882ರಲ್ಲಿ ಹುಟ್ಟಿದವರು. ಮದರಾಸಿಗೆ ಹೋಗಿ ಓದಿ ವಕೀಲರಾದರು, ಕೊಚ್ಚಿಯ ಶಾಸನಸಭೆಗೆ ಹೋದರು. ಕೋರ್ಟಲ್ಲಿ ಕರಿಕೋಟು, ಸಭೆಯಲ್ಲಿ ಕುರ್ಚಿ, ತನ್ನ ದೇವರ ಮನೆಯಲ್ಲಿ ಮಾತ್ರ ನೆಲ! ಓದಿದವರಿಗೆ ಈ ಅವಮಾನ ಎರಡು ಪಟ್ಟು ಉರಿಯುತ್ತೆ, ಅದು ನಿಮಗೂ ಗೊತ್ತು. ಸೇಲಂ ಜಗ್ಗಲಿಲ್ಲ. ಪಳ್ಳಿಯಲ್ಲೇ ಸತ್ಯಾಗ್ರಹ ಹೂಡಿದರು. ವರ್ಷಗಟ್ಟಲೆ ಹಗ್ಗಜಗ್ಗಾಟ ನಡೆದ ಮೇಲೆ ಒಂದೊಂದೇ ಕಟ್ಟು ಸಡಿಲಾಯಿತು, ಬೆಂಚು ಸಿಕ್ಕಿತು. ಮದುವೆಯ ಕಟ್ಟು ಮಾತ್ರ ಕೊನೆತನಕ ಬಿಗಿಯಾಗೇ ಇತ್ತು. ಅವರ ಮಗನೊಬ್ಬ ಬಿಳಿ ಮನೆತನದ ಹುಡುಗಿಯನ್ನು ಮೆಚ್ಚಿದಾಗ ಬೊಂಬಾಯಿಗೆ ಹೋಗಿ ಮದುವೆಯಾಗಬೇಕಾಯಿತು. ಸೇಲಂ ತೀರಿಕೊಂಡದ್ದು 1967ರಲ್ಲಿ.

ಅವರನ್ನು 'ಯೆಹೂದಿ ಗಾಂಧಿ' ಅಂತ ಕರೀತಾರೆ. ಕೂಡ್ಲಿಗಿಯವರಿಗೆ ಗಾಂಧಿಯ ಚಿತಾಭಸ್ಮದ ಸ್ಮಾರಕ ಊರಲ್ಲೇ ಇದೆ, ಹೆಸರು ಹೊಸದಲ್ಲ. ನನಗೆ ಮಾತ್ರ ನೆನಪಾದದ್ದು 1930ರ ನಾಸಿಕ್, ಕಾಳಾರಾಮ ಗುಡಿಯ ಮುಚ್ಚಿದ ಬಾಗಿಲು, ಅದರೆದುರು ನಿಂತ ಬಾಬಾಸಾಹೇಬರ ಜನ. ಸೇಲಂ ಒಳಗೆ ಹೋಗಿ ಕೂತರು. ಬಾಬಾಸಾಹೇಬರು ಕೊನೆಗೆ ಆ ಬಾಗಿಲಿಗೇ ಬೆನ್ನು ಮಾಡಿ 1956ರಲ್ಲಿ ಬುದ್ಧನ ಕಡೆ ನಡೆದರು. ನನ್ನನ್ನ ಕೇಳಿದರೆ ಎರಡನೇ ದಾರಿ ಸರಿ. ಆದರೆ ಮೊದಲನೇ ದಾರಿ ಹಿಡಿದವರನ್ನ ನಾನು ಹಗುರ ಮಾಡೋದಿಲ್ಲ.

ಇನ್ನೊಂದು ಮಾತು. ಯೆಹೂದಿಗಳ ಮೇಲೆ ನಾಜಿಗಳಿಗಿದ್ದ ದ್ವೇಷಕ್ಕೂ ಅಸ್ಪೃಶ್ಯರ ಮೇಲೆ ಸನಾತನಿಗಳಿಗಿದ್ದ ದ್ವೇಷಕ್ಕೂ ವ್ಯತ್ಯಾಸ ಇಲ್ಲ ಅಂತ ಬಾಬಾಸಾಹೇಬರು 1940ರ ದಶಕದಲ್ಲೇ ಬರೆದಿದ್ದರು. ಅಂಥ ಪೆಟ್ಟು ತಿಂದ ಜನ ಅವರು. ಪೆಟ್ಟು ತಿಂದವರೇ ತಮ್ಮ ಕಾಲಬುಡದಲ್ಲಿ ಇನ್ನೊಂದು ಮೆಟ್ಟಿಲು ಕಟ್ಟಿದರು. ಬಿಳಿಯರ ಕೈಲಿ ಕೀಳು ಅನ್ನಿಸಿಕೊಂಡ ಮಲಬಾರಿಗಳ ನಡುವೆಯೂ ಇಂಥ ಬಿಡುಗಡೆಯಾದ ಗುಲಾಮರು ಕೆಳಗೇ ಉಳಿದರು.

ಈಗ ನಮ್ಮ ಹಾಸ್ಟೆಲಿಗೆ ಬರೋಣ. ಹೊಸ ಹುಡುಗ ಟ್ರಂಕ್ ಇಳಿಸುವ ಮೊದಲೇ "ಯಾವ ಕೇರಿ? ಎಡಗೈಯೋ ಬಲಗೈಯೋ?" ಅಂತ ಕೇಳೋರು ಇಲ್ಲೇ ಕೂತಿಲ್ವಾ? ಹೊಲೆಯರ ಹುಡುಗ ಮಾದಿಗರ ಮನೆಯಲ್ಲಿ ಉಂಡೆ ಅಂತ ಊರಲ್ಲಿ ಅವ್ವನ ಮುಂದೆ ಹೇಳ್ತಾನಾ? ಅವನ ತಂಗಿಯನ್ನ ಕೇಳಿ ಮಾದಿಗರ ಹುಡುಗ ಹೋದರೆ ಏನಾಗುತ್ತೆ? ಅಲೆಮಾರಿ ಹುಡುಗರನ್ನ ಇಬ್ಬರೂ ಸೇರಿ ಎಲ್ಲಿ ಕೂರಿಸ್ತೀವಿ? ಇದನ್ನೆಲ್ಲ ನಮಗೆ ಯಾವ ಪುರೋಹಿತನೂ ಬಂದು ಹೇಳಿಕೊಟ್ಟಿಲ್ಲ. 2024ರ ಆಗಸ್ಟಿನಲ್ಲಿ ಒಳಮೀಸಲಾತಿ ಆಗಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿದಾಗಿನಿಂದ ನಮ್ಮ ಹುಡುಗರು ಒಬ್ಬರ ಮುಖ ಒಬ್ಬರು ನೋಡೋದು ಬಿಟ್ಟದ್ದನ್ನ ಕಂಡಿದ್ದೀನಿ. ಪಾಲು ಕೇಳೋದು ನ್ಯಾಯ, ಕೇಳಲಿ, ಕೊಡಲೇಬೇಕು. ಊಟದ ಸಾಲು ಯಾಕೆ ಒಡೀಬೇಕು?

ಗುಲಾಮರ ಹೆಸರು ಉಳಿಯೋದು ಕಡಿಮೆ. ಒಂದು ಹೆಸರು ಉಳಿದಿದೆ, ಅದು ನಮ್ಮ ಕಡೆಯ ಹೆಸರು. ಹನ್ನೆರಡನೇ ಶತಮಾನದಲ್ಲಿ, ಅಂದರೆ ಬಸವಣ್ಣನ ಕಾಲದ ಆಸುಪಾಸಿನಲ್ಲೇ, ಮಂಗಳೂರಿನಲ್ಲಿ ಅಬ್ರಹಾಂ ಬೆನ್ ಯಿಜು ಅನ್ನೋ ಯೆಹೂದಿ ವರ್ತಕ ಇದ್ದ. 1132ರಲ್ಲಿ ಅಶು ಎಂಬ ಗುಲಾಮ ಹೆಣ್ಣನ್ನು ಬಿಡುಗಡೆ ಮಾಡಿದ, ಅವಳ ಜೊತೆಯೇ ಬಾಳಿದ. ಅವನ ಇನ್ನೊಬ್ಬ ಆಳಿನ ಹೆಸರು ಬೊಮ್ಮ. ದಣಿಯ ವ್ಯಾಪಾರಕ್ಕೆ ಹಡಗು ಹತ್ತಿ ಏಡನ್‌ಗೆ ಹೋಗಿ, ಅಲ್ಲಿ ಕುಡಿದು ದುಡ್ಡು ಕೇಳಿ ಗಲಾಟೆ ಮಾಡಿದ ಅಂತ ಅಲ್ಲಿಂದ ದೂರು ಬಂದಿದೆ. (ಎಂಟು ನೂರು ವರ್ಷದ ಮೇಲೂ ದಣಿಗಳ ದೂರು ಅದೇ ನೋಡ್ರಿ.) ಈ ಕಾಗದಗಳು ಉಳಿದದ್ದು ಕೈರೋದ ಬೆನ್ ಎಜ್ರಾ ಸಿನಗಾಗಿನ ಉಗ್ರಾಣದಲ್ಲಿ. ಅಮಿತಾವ ಘೋಷ್ ಅವನ ಜಾಡು ಹಿಡಿದು 1992ರಲ್ಲಿ ಪುಸ್ತಕ ಬರೆದರು. ಹಗರಿಬೊಮ್ಮನಹಳ್ಳಿಯವರು ಇಲ್ಲಿದ್ದೀರಿ, ನಿಮ್ಮೂರ ಹೆಸರಲ್ಲೂ ಬೊಮ್ಮ ಇದ್ದಾನೆ. ಅವನೇ ಇವನು ಅಂತ ನಾನು ಹೇಳ್ತಿಲ್ಲ. ಬಾಗಳಿಯ ಕಲ್ಲೇಶ್ವರ ಗುಡಿಯನ್ನ ನಾವೆಲ್ಲ ನೋಡಿದ್ದೀವಿ, ಚಾಲುಕ್ಯರ ಹೆಸರು ಕೇಳಿದ್ದೀವಿ. ಆ ಕಲ್ಲು ಹೊತ್ತ ಬೊಮ್ಮಂದಿರ ಹೆಸರು ಯಾರಾದರೂ ಹೇಳ್ತೀರಾ?

ಕೊಚ್ಚಿಯ ಯೆಹೂದಿ ಹೆಂಗಸರು ಮಲೆಯಾಳದಲ್ಲಿ ಹಾಡು ಕಟ್ಟಿ ನೋಟ್‌ಬುಕ್ಕುಗಳಲ್ಲಿ ಕೈಯಾರೆ ಬರೆದಿಟ್ಟುಕೊಂಡಿದ್ದರು. ಮದುವೆ ಹಾಡು, ಹಬ್ಬದ ಹಾಡು. ಗಂಡಸರು ಬೆಂಚಿಗೆ ಬಡಿದಾಡುವಾಗ ಬಿಳಿ ಹೆಂಗಸರೂ ಕರಿ ಹೆಂಗಸರೂ ಎಷ್ಟೋ ಹಾಡುಗಳನ್ನು ಒಂದೇ ಹಾಡಿದ್ದಾರೆ. ಇಸ್ರೇಲಿಗೆ ಹೋಗುವಾಗ ಆ ನೋಟ್‌ಬುಕ್ಕುಗಳೂ ಜೊತೆಗೆ ಹೋದವು, ಆಮೇಲೆ ಅಚ್ಚಾದವು.

ಮುಂದಿನ ಕೂಟ ಹಡಗಲಿಯಲ್ಲಿ. ಬರುವಾಗ ಎಲ್ಲರೂ ಎರಡು ಹಾಡು ಬರೆದುಕೊಂಡು ಬರ್ರಿ. ಒಂದು ನಿಮ್ಮ ಅವ್ವಂದು, ಇನ್ನೊಂದು ನಿಮ್ಮ ಕೇರಿಯದಲ್ಲದ ಕೇರಿಯ ಅವ್ವಂದು. ಅದಕ್ಕೆ ಅವರ ಮನೆಗೆ ಹೋಗಬೇಕಾಗುತ್ತೆ, ಕೂರಬೇಕಾಗುತ್ತೆ, ಅವರು ಕೊಟ್ಟ ನೀರು ಕುಡೀಬೇಕಾಗುತ್ತೆ.

ಜೈ ಭೀಮ್.