ಗೆರೆ ನೋಡುವ ಕಣ್ಣು



ಬಿಳಿ ಹಾಳೆಯ ಮೇಲೆ ಬರೀ ಕಪ್ಪು ಗೆರೆಗಳು. ಮನುಷ್ಯರಿಲ್ಲ, ಮರವಿಲ್ಲ, ಮನೆಯಿಲ್ಲ. ಇಂಥ ಶಾಯಿಚಿತ್ರದ ಮುಂದೆ ನಿಂತವರು ಮೊದಲು ಕೇಳುವುದು 'ಇದೇನು?' ಎಂದು. ಉತ್ತರ ಸಿಗದಿದ್ದರೆ 'ಇದು ನಮಗಲ್ಲ' ಎಂದು ಮುಂದೆ ಸಾಗುತ್ತಾರೆ. ಹುಬ್ಬಳ್ಳಿ-ಧಾರವಾಡದವರು ಹಾಗೆ ಹಿಂಜರಿಯಬೇಕಾಗಿಲ್ಲ. ಈ ನೋಟದ ಮೊದಲ ಪಾಠ ಇಲ್ಲಿನ ಎಷ್ಟೋ ಮನೆಗಳ ಟ್ರಂಕಿನಲ್ಲೇ ಇದೆ: ಕಸೂತಿ ಹಾಕಿದ ಇಳಕಲ್ ಸೀರೆ.

ಕಸೂತಿಗೆ ಬಟ್ಟೆಯ ಮೇಲೆ ಮೊದಲೇ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೇಯ್ಗೆಯ ಎಳೆ ಎಣಿಸುತ್ತ ಸೂಜಿ ಸಾಗಬೇಕು. ಗಾವಂತಿ, ಮುರ್ಗಿ, ನೇಗಿ, ಮೆಂತಿ ಎಂಬ ನಾಲ್ಕು ಹೊಲಿಗೆಗಳಲ್ಲಿ ಗೋಪುರ, ತೇರು, ತುಳಸಿಕಟ್ಟೆಗಳೆಲ್ಲ ನೇರ, ಓರೆ ಗೆರೆಗಳಾಗುತ್ತವೆ. ಗಾವಂತಿಯಲ್ಲಿ ಸೂಜಿ ಹೋಗುವಾಗ ಬಿಟ್ಟ ಜಾಗವನ್ನು ಮರಳುವಾಗ ತುಂಬುತ್ತದೆ. ಬಟ್ಟೆಯ ಎರಡೂ ಬದಿ ಒಂದೇ ತರಹ ಕಾಣುತ್ತದೆ. ಒಂದೆಳೆ ಎಣಿಕೆ ತಪ್ಪಿದರೂ ಗೆರೆ ಕೂಡುವುದಿಲ್ಲ. ಆದ್ದರಿಂದಲೇ ಕಸೂತಿ ಬಲ್ಲವರು ತೇರು ತೇರಿನಂತಿದೆಯೇ ಎಂದಷ್ಟೇ ನೋಡುವುದಿಲ್ಲ. ಸೀರೆ ಮಗುಚಿ, ಎಣಿಕೆ ಸರಿಯಿದೆಯೇ, ಅಂತರ ಸಮವಿದೆಯೇ ಎಂದು ನೋಡುತ್ತಾರೆ.

ಆ ತೇರನ್ನೂ ತೆಗೆದುಬಿಟ್ಟರೆ? ಉಳಿಯುವುದು ಎಣಿಕೆ, ಅಂತರ, ಲಯ. ನಸ್ರೀನ್ ಮೊಹಮದಿ ಅವರ ಚಿತ್ರಗಳಲ್ಲಿರುವುದು ಇದೇ. 1937ರಲ್ಲಿ ಕರಾಚಿಯಲ್ಲಿ ಜನಿಸಿದ ಅವರು 1972ರಿಂದ ಬರೋಡಾದ ಮಹಾರಾಜಾ ಸಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಕಲೆ ಕಲಿಸಿದರು. ಶಾಯಿ, ಪೆನ್ಸಿಲ್ ಮತ್ತು ನಕಾಶೆ ಬರೆಯುವ ಉಪಕರಣಗಳಿಂದ ಗೆರೆಗಳ ಲೋಕವನ್ನೇ ಕಟ್ಟಿದರು. ಬಹುತೇಕ ಚಿತ್ರಗಳಿಗೆ ಹೆಸರೂ ಇಲ್ಲ.

ಅವನ್ನು ಮೊದಲು ಹತ್ತಿರದಿಂದ ನೋಡಬೇಕು: ಗೆರೆ ಎಲ್ಲಿ ದಪ್ಪ, ಎಲ್ಲಿ ಕೂದಲೆಳೆಯಷ್ಟು ತೆಳು? ಆಮೇಲೆ ನಾಲ್ಕು ಹೆಜ್ಜೆ ಹಿಂದೆ ಸರಿಯಬೇಕು. ಗೆರೆ ಒತ್ತಾದಲ್ಲಿ ನೆರಳು, ವಿರಳವಾದಲ್ಲಿ ಬೆಳಕು ಕಾಣತೊಡಗುತ್ತದೆ. ಕೊನೆಗೆ ಖಾಲಿ ಉಳಿದ ಹಾಳೆಯನ್ನೂ ನೋಡಬೇಕು. ಕಸೂತಿಗೆ ಸೀರೆಯ ಮೈಬಣ್ಣ ಹೇಗೋ, ಈ ಗೆರೆಗಳಿಗೆ ಆ ಬಿಳುಪು ಹಾಗೆ.

ಇನ್ನೊಂದು ಸಂಗತಿ ಮರೆಯಬಾರದು. ಕೈಕಾಲುಗಳ ಹಿಡಿತ ತಪ್ಪಿಸುವ ನರರೋಗ ನಸ್ರೀನರನ್ನು ಕಾಡಿತು. ಆದರೂ 1990ರಲ್ಲಿ ತೀರಿಕೊಳ್ಳುವ ಮುನ್ನಿನ ವರ್ಷಗಳ ಅವರ ಗೆರೆಗಳು ಅಳುಕಲಿಲ್ಲ. 2016ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತನ್ನ ಹೊಸ ಶಾಖೆಯನ್ನು ತೆರೆದಾಗ ಅಲ್ಲಿ ಇವರ ಚಿತ್ರಗಳ ಪ್ರದರ್ಶನವಿತ್ತು.

ಅಂಥ ಗೆರೆಯ ಮುಂದೆ 'ಇದೇನು?' ಎಂಬ ಪ್ರಶ್ನೆ ತಪ್ಪಲ್ಲ, ಸಾಲದು ಅಷ್ಟೇ. 'ಇದನ್ನು ಹೇಗೆ ಎಳೆದರು?' ಎಂದೂ ಕೇಳಿದರೆ ಚಿತ್ರ ಮಾತಾಡತೊಡಗುತ್ತದೆ. ಸೀರೆಯ ಸೆರಗನ್ನು ಮಗುಚಿ ನೋಡಿದ ಅಜ್ಜಿಯಂದಿರು ಕೇಳುತ್ತ ಬಂದದ್ದೂ ಅದನ್ನೇ.